ವಾಚು, ಗುಂಪು, ಬೆಟ್ಟ, ಆಮೆ ಓಟ: ನನ್ನನ್ನು ಮತ್ತೆ ಓಡಿಸಿದ್ದು ಯಾವುದು?

ಜನವರಿಯಲ್ಲಿ ಮುಂಬೈ ಮ್ಯಾರಥಾನ್ ಓಡಿದೆ. 42.195 ಕಿಲೋಮೀಟರಿಗೆ 5 ಗಂಟೆ 12 ನಿಮಿಷ. ಪೆಡ್ಡರ್ ರೋಡ್ ಏರಿನಲ್ಲಿ ಕಾಲು ಹಿಡಿದುಕೊಂಡಿತ್ತು, ಹೇಗೋ ಮುಗಿಸಿದೆ. ಮೈಸೂರಿಗೆ ಬಂದು ಹತ್ತು ದಿನ ಸುಮ್ಮನಿದ್ದು ಮತ್ತೆ ಶುರು ಮಾಡಿದರೆ, ಮನಸ್ಸೇ ಇಲ್ಲ. ಅಲಾರಾಂ ಹೊಡೆದ ತಕ್ಷಣ ಬರುತ್ತಿದ್ದ ಯೋಚನೆ 'ಮಳೆ ಏನಾದ್ರೂ ಬರ್ತಿದೆಯಾ?' ಫೆಬ್ರವರಿಯಲ್ಲಿ ಮೈಸೂರಲ್ಲಿ ಎಲ್ಲಿಯ ಮಳೆ!

ಮೊದಲು ಹಿಡಿದದ್ದು ಫೋನಿನ ಆ್ಯಪ್. ದಿನಾ ಕಡೇಪಕ್ಷ ಎರಡು ಕಿಲೋಮೀಟರ್ ಓಡಬೇಕು, ಒಂದು ದಿನ ತಪ್ಪಿದರೂ ಎಣಿಕೆ ಸೊನ್ನೆಗೆ ಬರುತ್ತೆ. ಮೊದಲ ಎರಡು ವಾರ ಚೆನ್ನಾಗಿಯೇ ನಡೆಯಿತು. 23ನೇ ದಿನ ರಾತ್ರಿ ಹತ್ತೂಮುಕ್ಕಾಲಿಗೆ, ಮದುವೆ ಊಟ ಮುಗಿಸಿ ಬಂದವಳು, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ಸುತ್ತು ಹೊಡೆಯುತ್ತಿದ್ದೆ. ವಾಚ್‌ಮನ್ ಟಾರ್ಚ್ ಬಿಟ್ಟು ಕೇಳಿದ, 'ಏನ್ ಮೇಡಂ, ಏನಾದ್ರೂ ಕಳ್ಕೊಂಡ್ರಾ?' ಮಾರನೇ ದಿನ ಜ್ವರ. ಎಣಿಕೆ ಸೊನ್ನೆ. ಆಮೇಲೆ ಆರು ದಿನ ಶೂ ಕಡೆ ತಿರುಗಿಯೂ ನೋಡಲಿಲ್ಲ.

ಹಾಸಿಗೆಯಿಂದ ಎಬ್ಬಿಸುವುದರಲ್ಲಿ ಇದಕ್ಕಿಂತ ಭಾನುವಾರದ ಗುಂಪು ಎಷ್ಟೋ ವಾಸಿ. ಎಂಟು ಜನ ಇದ್ದೇವೆ. ಐದೂವರೆಗೆ 'ಗೇಟ್ ಹತ್ರ ಕಾಯ್ತಿದ್ದೀವಿ' ಅಂತ ಮೆಸೇಜ್ ಬಂದರೆ ಮಲಗಿರಲು ಆಗುತ್ತಾ? ತೊಂದರೆ ಏನೆಂದರೆ, ಗುಂಪಿನಲ್ಲಿ ಜೋರಾಗಿ ಓಡುವವರೇ ವೇಗ ಗೊತ್ತುಮಾಡೋದು. ಮೂರನೇ ಕಿಲೋಮೀಟರಿಗೆ ಹರಟೆ ನಿಂತು ಏದುಸಿರು ಮಾತ್ರ ಕೇಳಿಸುತ್ತೆ. ಕೊನೆಗೆ ಮಸಾಲೆ ದೋಸೆ, ಕಾಫಿ. ಭಾನುವಾರ ಖುಷಿಯೋ ಖುಷಿ, ಸೋಮವಾರ ಮಂಗಳವಾರ ಕಾಲು ಕೊರಡು.

ನಡುವೆ ಬೆಂಗಳೂರಿನ ಟೆನ್‌ಕೆ (10 ಕಿಲೋಮೀಟರ್) ಓಟಕ್ಕೆ ದುಡ್ಡು ಕಟ್ಟಿಯೂ ನೋಡಿದೆ. ಕಟ್ಟಿದ ದುಡ್ಡು ಓಡಿಸುತ್ತೆ ಅಂತಾರೆ. ನನ್ನನ್ನು ಕೊನೆಯ ಮೂರು ವಾರ ಓಡಿಸಿತು, ಅದೂ ಭಯಕ್ಕೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಬೇರೆಯೇ ಮಜಾ. ಸಾವಿರ ಚಿಲ್ಲರೆ ಮೆಟ್ಟಿಲು, ಏಳುನೂರರ ಆಸುಪಾಸಿನಲ್ಲಿ ದೊಡ್ಡ ನಂದಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ವೇಗ, ಗುರಿ ಎಲ್ಲ ಮರೆತುಹೋಗಿರುತ್ತೆ, ಉಸಿರೊಂದೇ ಲೆಕ್ಕ. ಬೇಜಾರು ಕಳೆಯೋದಕ್ಕೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಆದರೆ ಇಳಿಯುವಾಗ ಮಂಡಿ ಮಾತಾಡುತ್ತೆ. ಎರಡು ಸಲ ಇಳಿದು ಬುದ್ಧಿ ಬಂತು, ಈಗ ಸಿಟಿ ಬಸ್ಸಿನಲ್ಲಿ ವಾಪಸ್. ವಾರಕ್ಕೆ ಒಂದು ಸಲ ಸಾಕು.

ಕೊನೆಗೆ ಆಮೆ ಓಟ, ಅಂದರೆ ಬೇಕಂತಲೇ ನಿಧಾನವಾಗಿ ಓಡೋದು. ಇದನ್ನು ಒಲ್ಲದ ಮನಸ್ಸಿನಿಂದಲೇ ಶುರು ಮಾಡಿದ್ದು. ಅಮೆರಿಕದ ಕೋಚ್ ಫಿಲ್ ಮಾಫೆಟೋನ್ ಅವರ ಲೆಕ್ಕ ಸುಲಭ: 180ರಲ್ಲಿ ನಿಮ್ಮ ವಯಸ್ಸು ಕಳೆಯಿರಿ, ನಿಮಿಷದ ಎದೆಬಡಿತ ಅದನ್ನು ದಾಟದ ಹಾಗೆ ಓಡಿ. ನನಗೆ 43, ಹಾಗಾಗಿ 137. ಎಲ್ಲರಿಗೂ ಕರಾರುವಾಕ್ಕಾಗಿ ಹೊಂದುವ ಲೆಕ್ಕ ಇದಲ್ಲ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಾ ಅಂತ ನೋಡಿಕೊಂಡರೂ ನಡೆಯುತ್ತೆ.

ಮೊದಲ ದಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕಿಲೋಮೀಟರಿಗೆ 9 ನಿಮಿಷ 10 ಸೆಕೆಂಡು! ಮೊದಲು 7 ನಿಮಿಷಕ್ಕೆ ಓಡುತ್ತಿದ್ದವಳು ನಾನು. ಸಣ್ಣ ಏರು ಬಂದರೂ ಬಡಿತ 140 ದಾಟುತ್ತಿತ್ತು, ನಡೆಯಬೇಕಾಗುತ್ತಿತ್ತು. ದಿನಾ ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರೊಬ್ಬರು ಪಕ್ಕದಲ್ಲೇ ದಾಟಿಕೊಂಡು ಹೋಗುತ್ತಾ, 'ಯಾಕಮ್ಮಾ, ಹುಷಾರಿಲ್ವಾ?' ಅಂದರು. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಮೂರನೇ ವಾರ ಅಲಾರಾಂಗೆ ಮುಂಚೆಯೇ ಎಚ್ಚರವಾಯಿತು. ಆಗ ಹಳೇ ಓಟಗಳ ಲೆಕ್ಕ ತೆಗೆದು ನೋಡಿದೆ. ಜನವರಿಗೆ ಮುಂಚಿನ ನಾಲ್ಕು ತಿಂಗಳು, ಆರಾಮಾಗಿ ಓಡಬೇಕಾದ ದಿನವೂ ಬಡಿತ 165ರ ಹತ್ತಿರ. ಅಂದರೆ ದಿನಾ ಒಂದೊಂದು ರೇಸ್ ಓಡಿದ್ದೆ. ಹತ್ತು ದಿನದ ರೆಸ್ಟ್ ಮುಗಿಸಿ ಮತ್ತೆ ಅದನ್ನೇ ಮಾಡಿದ್ದೆ. ಮನಸ್ಸಿಗೆ ಬೇಜಾರು ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಮೈಯ ಸುಸ್ತು. ಆ್ಯಪ್, ಗುಂಪು, ರೇಸಿನ ದುಡ್ಡು, ಮೂರೂ ದಣಿದ ಎತ್ತಿಗೆ ಇನ್ನೊಂದು ಏಟು ಹಾಕಿದ ಹಾಗಿದ್ದವು, ಅಷ್ಟೇ.

ಇದರಲ್ಲೂ ತಕರಾರು ಇಲ್ಲದೆ ಇಲ್ಲ. ಹೊತ್ತು ಜಾಸ್ತಿ ತಿನ್ನುತ್ತೆ. 15 ಕಿಲೋಮೀಟರಿಗೆ ಎರಡು ಗಂಟೆ ಮೇಲೆ ಬೇಕು. ಆಫೀಸಿದ್ದ ದಿನ ಕೆರೆ ಒಂದು ಸುತ್ತು ಹಾಕಿದರೆ ಅದೇ ಹೆಚ್ಚು. ಆದರೂ ಹತ್ತು ವಾರದಲ್ಲಿ ಅದೇ 137ಕ್ಕೆ ವೇಗ 8 ನಿಮಿಷ 15 ಸೆಕೆಂಡಿಗೆ ಬಂದಿದೆ. ಮರದ ಮೇಲೆ ಕೂತ ಹೆಜ್ಜಾರ್ಲೆ ರೆಕ್ಕೆ ಕೊಡವುವುದು ಈಗ ಕಣ್ಣಿಗೆ ಬೀಳುತ್ತೆ. ಮೊದಲೂ ಅವು ಅಲ್ಲೇ ಇದ್ದವು, ಅಲ್ವಾ? ನಾನು ವಾಚು ನೋಡುತ್ತಿದ್ದೆ.

ಆ್ಯಪ್ ಅಳಿಸಿದ್ದೇನೆ. ವಾಚಿನ ಮುಖದಲ್ಲಿ ಬಡಿತ ಒಂದೇ ಕಾಣುವ ಹಾಗೆ ಮಾಡಿದ್ದೇನೆ. ಗುಂಪು ಬಿಟ್ಟಿಲ್ಲ. ಭಾನುವಾರ ಅವರಿಗಿಂತ ಅರ್ಧ ಗಂಟೆ ಮುಂಚೆ ಹೊರಟು ನನ್ನ ಪಾಡಿಗೆ ಓಡುತ್ತೇನೆ, ದೋಸೆ ಹೊತ್ತಿಗೆ ಸೇರಿಕೊಳ್ಳುತ್ತೇನೆ. ಮೇಷ್ಟ್ರು ಮಾತ್ರ ಏರಿನಲ್ಲಿ ಈಗಲೂ ಒಮ್ಮೊಮ್ಮೆ ದಾಟಿಕೊಂಡು ಹೋಗುತ್ತಾರೆ.