ಒಂದೂವರೆ ಇಂಚಿನ ಪೆಟ್ರೋಲ್ ಪಂಪು: ಮೂರು ಬೇಸಿಗೆ ಓಡಿಸಿದ ಮೇಲೆ

ಕಾಸರಗೋಡಿನ ಪೆರ್ಲದಿಂದ ಒಳಗೆ, ತೋಡಿನ (ಸಣ್ಣ ಹೊಳೆಯ) ಕರೆಯಲ್ಲಿ, ಅಂದರೆ ದಡದಲ್ಲಿ, ನಮ್ಮ ತೋಟ. ಮನೆ ಪಕ್ಕದ ಮರಗಳಿಗೆ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಟಾಂಕಿಯಲ್ಲಿ ತುಂಬಿ ತಾನಾಗಿ ಇಳಿದು ಬರುತ್ತದೆ, ಅಲ್ಲಿ ಯಂತ್ರಕ್ಕೆ ಕೆಲಸವಿಲ್ಲ. ಕಷ್ಟವೆಲ್ಲ ತೋಡಿನಾಚೆ, ದರೆಯ (ಕಡಿದಾದ ದಿಬ್ಬದ) ಮೇಲಿರುವ ಇನ್ನೂರು ಅಡಕೆ ಮರಗಳದ್ದು. ಅಲ್ಲಿಗೆ ಕರೆಂಟು ಎಳೆಯಬೇಕಾದರೆ ಕಂಬವೇ ಐದಾರು ಬೇಕು. ತೋಡಿಗೆ ಅಡ್ಡ ಹಾಕಿದ ಕಟ್ಟದಲ್ಲಿ ಏಪ್ರಿಲ್ ತನಕ ನೀರಿದ್ದೂ ಮೇಲೆ ಮರ ಬಾಡುವುದನ್ನು ಎರಡು ವರ್ಷ ನೋಡಿದೆ. ಮೂರನೇ ವರ್ಷ ಪೆಟ್ರೋಲಿನಲ್ಲಿ ಓಡಿ ನೀರೆತ್ತುವ ಈ ಪಂಪು ತಂದೆವು.

ಅಂಗಡಿಯಲ್ಲಿ ಮೂರು ತೋರಿಸಿದರು, ಇಂಚಿನ ಲೆಕ್ಕ ಪೈಪು ಕೂರುವ ಬಾಯಿಯ ಅಗಲದ್ದು. ಒಂದಿಂಚಿನದ್ದು ತುಂಬ ಹಗುರ, ಆದರೆ ಟೂ ಸ್ಟ್ರೋಕ್, ಪ್ರತಿ ಸಲ ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸಬೇಕು. ಎರಡಿಂಚಿನದ್ದು ಒಳ್ಳೆಯ ಯಂತ್ರವೇ, ಆದರೆ ಇಪ್ಪತ್ತು ಕಿಲೋಗಿಂತ ಹೆಚ್ಚು ಭಾರ. ತೋಟದ ಕೆಲಸ ವಾರದಲ್ಲಿ ಐದು ದಿನ ನಾನೊಬ್ಬಳೇ ನೋಡುವುದು, ಅದನ್ನು ಹಿಡಿದುಕೊಂಡು ದರೆ ಇಳಿಯುವುದು ಆಗದ ಮಾತು. ನಡುವಿನದು ಒಂದೂವರೆ ಇಂಚು, ಫೋರ್ ಸ್ಟ್ರೋಕ್, ಒಂಬತ್ತು ಕಿಲೋ. ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಕ್ಯಾನು ಹಿಡಿದು ಇಳಿಯಬಹುದು. ಅದನ್ನೇ ತೆಗೆದುಕೊಂಡೆ. ಇವತ್ತು ಕೊಳ್ಳುವುದಾದರೂ ಅದನ್ನೇ ಕೊಳ್ಳುತ್ತೇನೆ.

ಡಬ್ಬದ ಮೇಲೆ 30 ಮೀಟರ್ ಎತ್ತರ, ನಿಮಿಷಕ್ಕೆ 200 ಲೀಟರ್ ಎಂದು ಬರೆದಿತ್ತು. ಇವೆರಡೂ ಒಟ್ಟಿಗೆ ಸಿಗುವ ಲೆಕ್ಕ ಅಲ್ಲ ಎಂದು ಕೊಳ್ಳುವ ಮೊದಲು ನನಗೆ ಯಾರೂ ಹೇಳಲಿಲ್ಲ. ನೀರು ಹೆಚ್ಚೆಂದರೆ ಎಷ್ಟು ಎತ್ತರಕ್ಕೆ ಏರುತ್ತದೋ ಆ ಎತ್ತರದಲ್ಲಿ ಪೈಪಿನಿಂದ ಏನೂ ಬೀಳುವುದಿಲ್ಲ. 200 ಲೀಟರ್ ಎಂಬುದು ಎತ್ತರವೇ ಇಲ್ಲದಾಗಿನ ಮಾತು. ನಮ್ಮಲ್ಲಿ ಪಂಪಿನಿಂದ ಒಂಬತ್ತು ಮೀಟರ್ ಮೇಲಕ್ಕೆ, 60 ಮೀಟರ್ ಪೈಪಿನಲ್ಲಿ ನೀರು ಹೋಗಬೇಕು. 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿದೆ. ತುಂಬಲು ಎರಡು ನಿಮಿಷ. ಅಂದರೆ ನಿಮಿಷಕ್ಕೆ 100.

ಇದು ಸಾಕೇ? ಕಾಸರಗೋಡಿನ ಸಿಪಿಸಿಆರ್‌ಐಯವರು (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಅಡಕೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್ ಹೇಳುತ್ತಾರೆ, ಮಾರ್ಚಿನಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ. ನಾನು ದಿನಕ್ಕೆ 50 ಮರದಂತೆ ಸರದಿ ಮಾಡಿಕೊಂಡೆ. ಒಂದೂವರೆ ಗಂಟೆಯ ಕೆಲಸ, ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ ಪೆಟ್ರೋಲು, ನಾಲ್ಕನೇ ದಿನಕ್ಕೆ ಎಲ್ಲ ಮರಕ್ಕೂ ಸುತ್ತು ಮುಗಿಯುತ್ತದೆ. ಐನೂರು ಮರ ಇದ್ದವರಿಗೆ ಇದು ಬೇಡ. ಅಷ್ಟಕ್ಕೆ ಸಣ್ಣ ಪಂಪು ತಂದರೆ ಯಂತ್ರವೂ ಬಳಲುತ್ತದೆ, ಮನುಷ್ಯರೂ ಬಳಲುತ್ತಾರೆ.

ಮೊದಲ ಬೇಸಿಗೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು, ಪಂಪನ್ನು ದರೆಯ ಮೇಲೆ ಶೆಡ್ಡಿನೊಳಗೆ ಇಟ್ಟದ್ದು. ನೀರಿನಿಂದ ಆರು ಮೀಟರ್ ಮೇಲೆ. ದಿನವೂ ಹೊರುವುದು ತಪ್ಪಲಿ ಎಂಬ ಆಸೆ. ಎಂಜಿನು ಭರ್ರೆಂದು ಓಡುತ್ತದೆ, ಪೈಪಿನ ಬಾಯಲ್ಲಿ ಬೆರಳು ದಪ್ಪದ ನೀರು. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ, ನಿಜಕ್ಕೂ ನೀರನ್ನು ಮೇಲಕ್ಕೆ ದೂಡುವುದು ಹೊರಗಿನ ಗಾಳಿಯ ಒತ್ತಡ. ಒಳಗೆ ಪೂರ್ತಿ ಬರಿದು ಮಾಡಿದರೂ ಆ ಒತ್ತಡ ಹತ್ತು ಮೀಟರಿಗಿಂತ ಸ್ವಲ್ಪ ಮೇಲೆ ಏರಿಸೀತು, ಅಷ್ಟೇ. ಪೈಪು, ವಾಲ್ವು, ಜಾಯಿಂಟು ಎಲ್ಲ ಕಳೆದು ಆರೇಳು ಮೀಟರಿಗೆ ಮುಗಿಯಿತು. ಪಂಪನ್ನು ತಂದು ಕಟ್ಟದ ಪಕ್ಕದ ಮುರಕಲ್ಲಿನ ಮೇಲೆ, ನೀರಿಗೆ ಒಂದು ಮೀಟರ್ ಹತ್ತಿರ ಇಟ್ಟೆ. ಅದೇ ಎಂಜಿನು, ಅದೇ ಪೈಪು, ಬಾಯಿ ತುಂಬ ನೀರು. ಒಂಬತ್ತು ಕಿಲೋ ಭಾರದ ಬೆಲೆ ಏನೆಂದು ನನಗೆ ಅರ್ಥವಾದದ್ದು ಆವತ್ತು.

ಈ ಕಾರಣಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಬಾವಿಗಳು ಆಳ. ನೀರಿನ ಹತ್ತಿರ ಹೋಗಬೇಕು ಎಂದು ಪೆಟ್ರೋಲ್ ಪಂಪನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಬೇಡಿ, ಸುರಂಗದ ಬಾಯಿಯಲ್ಲೂ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದವರಿಗೆ ಮೇಲೆ ಬರುವ ಶಕ್ತಿ ಉಳಿಯುವುದಿಲ್ಲ, ಎತ್ತಲು ಇಳಿದವರಿಗೂ ಅದೇ ಗತಿ. ಆಳದ ಬಾವಿಗೆ ಕರೆಂಟಿನ ಸಬ್‌ಮರ್ಸಿಬಲ್ಲೇ ಸರಿ.

ಎರಡನೇ ವರ್ಷ ಪಂಪು ಸ್ಟಾರ್ಟೇ ಆಗಲಿಲ್ಲ. ಹಿಂದಿನ ಪತ್ತನಾಜೆ (ಮೇ ಕೊನೆಯ, ಮಳೆಗಾಲಕ್ಕೆ ಮುಂಚಿನ ತುಳುವರ ದಿನ) ಹೊತ್ತಿಗೆ ಟಾಂಕಿಯಲ್ಲಿ ಪೆಟ್ರೋಲು ಹಾಗೇ ಬಿಟ್ಟು ಅಟ್ಟಕ್ಕೆ ಹಾಕಿದ್ದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ನಮ್ಮ ಮಳೆಗಾಲದ ತೇವ ಹೀರಿಕೊಂಡರೆ ನೀರು ಅಡಿಗೆ ಇಳಿದು ನಿಲ್ಲುತ್ತದೆ. ಕಾರ್ಬ್ಯುರೇಟರ್ ಬಿಚ್ಚಿದಾಗ ತಳದಲ್ಲಿ ಹಸಿರುಬಣ್ಣದ ಹಿಟ್ಟಿನಂಥದ್ದು ಕೂತಿತ್ತು. ಈಗ ಮಳೆಗೆ ಮೊದಲು ಪೆಟ್ರೋಲು ಖಾಲಿ ಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಎಂಜಿನ್ ಆಯಿಲನ್ನು ಮೊದಲ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಬದಲಿಸಿದ್ದೇನೆ. ಅದರಲ್ಲಿ ತೊಂದರೆಯೇ ಬರಲಿಲ್ಲ.

ಮೂರನೇ ಬೇಸಿಗೆಯಲ್ಲಿ ನೀರು ಮತ್ತೆ ಸಣ್ಣದಾಯಿತು. ಎರಡು ಸಲ ಅಂಗಡಿಗೆ ಹೊತ್ತುಕೊಂಡು ಹೋದೆ. ಪ್ಲಗ್ಗು ಬದಲಿಸಿದರು, ಎಂಜಿನು ಬಿಚ್ಚಿ ಜೋಡಿಸಿದರು, ಹಣ ತೆಗೆದುಕೊಂಡರು, ನೀರು ಮಾತ್ರ ಅಷ್ಟೇ. ಪಂಪಿಗೆ ಒಂದು ಲೋಟ ನೀರು ಹಾಕಿ ಜಾಯಿಂಟು ನೋಡುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ, ಆ ಬೇಜಾರು ಇನ್ನೂ ಹೋಗಿಲ್ಲ. ಕೊನೆಗೆ ತೋಟಕ್ಕೆ ಕೆಲಸಕ್ಕೆ ಬರುವವ ಪಂಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಕಿವಿಗೊಟ್ಟ.

“ಅಕ್ಕ, ಎಂಜಿನಿಗೆ ಏನೂ ಆಗ್ಲಿಲ್ಲ. ಪೈಪು ಗಾಳಿ ಎಳೀತಾ ಉಂಟು.”

ತೋಡಿನ ಕರೆಯಿಂದ ಒಂದು ಹಿಡಿ ಜೇಡಿಮಣ್ಣು ತೆಗೆದು ನೀರೆಳೆಯುವ ಸಕ್ಷನ್ ಪೈಪಿನ ಕ್ಲಿಪ್ಪಿನ ಸುತ್ತ ಮೆತ್ತಿದ. ಮಣ್ಣಿನಲ್ಲಿ ಒಂದು ಕಡೆ ಸಣ್ಣ ಗುಳಿ ಬಿತ್ತು, ಸುಯ್ ಎಂದು ಒಳಗೆ ಎಳೆಯಿತು. ಅವನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಎಂಜಿನಿನ ಸ್ವರ ಕೂಡಲೇ ಭಾರವಾಯಿತು, ಮೇಲಿನಿಂದ ನೀರು ಧೊಪ್ಪೆಂದು ಬೀಳುವುದು ಕೇಳಿಸಿತು. ಕ್ಲಿಪ್ಪಿನ ಅಡಿಯಲ್ಲಿ ಪೈಪು ಕೂದಲೆಳೆಯಷ್ಟು ಸೀಳಿತ್ತು.

ಹಳೆಯ ತುದಿ ನಾಲ್ಕು ಬೆರಳು ಕೊಯ್ದು, ಎರಡು ಕ್ಲಿಪ್ಪು ಹಾಕಿ ಬಿಗಿದೆವು. ಅಂಗಡಿಯಲ್ಲಿ ಪಂಪಿನ ಜೊತೆ ಕೊಟ್ಟ ತೆಳು ಪೈಪನ್ನು ಈ ವರ್ಷ ಪೂರ್ತಿ ತೆಗೆದು, ಒಳಗೆ ಸ್ಪ್ರಿಂಗು ಇರುವ ದಪ್ಪ ಪೈಪು ತರಿಸಿದ್ದೇನೆ. ತುದಿಯ ಜಾಲರಿಯನ್ನು ಬುಟ್ಟಿಯೊಳಗೆ ಇಟ್ಟು ಕಟ್ಟದಲ್ಲಿ ಮುಳುಗಿಸುತ್ತೇವೆ, ಮರಳೂ ತರಗೆಲೆಯೂ ಒಳಗೆ ಹೋಗುವುದಿಲ್ಲ.