ಎಣ್ಣೆಗೆ ಐದು ಸ್ಟಾರ್, ಕಡಲೆಬೀಜಕ್ಕೆ ಎರಡು

ನಮ್ಮ ಬಡಾವಣೆಯ ಮರದ ಗಾಣಕ್ಕೆ ಕ್ಯಾನ್ ಹಿಡಿದು ಹೋಗೋಕೆ ಶುರು ಮಾಡಿ ಎರಡು ವರ್ಷವಾಯಿತು. ಕಡಲೆಕಾಯಿ ಎಣ್ಣೆ ಲೀಟರಿಗೆ 340 ರೂಪಾಯಿ. ಬಾಣಲೆ ಕಾದು ಸಾಸಿವೆ ಬೀಳುವ ಮೊದಲೇ ಪಕ್ಕದ ಮನೆಯವರು "ಏನ್ರೀ ವಿಶೇಷ?" ಅಂತಾರೆ, ಅಂಥ ಘಮ.

ಹೋದ ಆಷಾಢದಲ್ಲಿ ಹುಡುಗ ಗಾಣಕ್ಕೆ ಸುರಿಯುತ್ತಿದ್ದ ಚೀಲಕ್ಕೆ ಸುಮ್ಮನೆ ಕೈ ಹಾಕಿದೆ. ಹಿಡಿ ತುಂಬ ಬಂದ ಬೀಜದಲ್ಲಿ ಐದಾರು ಮುರುಟಿದ್ದವು. ಒಂದರ ಸಿಪ್ಪೆ ಸುಲಿದು ಎರಡು ಹೋಳು ಮಾಡಿದರೆ ನಡುವೆ ಹಳದಿ-ಹಸಿರು ಬೂಷ್ಟು. ಮಾಲೀಕರಿಗೆ ತೋರಿಸಿದೆ. "ಗಾಣದ ಬಿಸಿಗೆ ಎಲ್ಲ ಸತ್ತೋಗುತ್ತೆ ಸಾರ್." ಅವರ ತಲೆಯ ಮೇಲಿನ ಬೋರ್ಡಲ್ಲಿ ಬರೆದಿದ್ದು: "ಬಿಸಿ ತಾಕದ ಶುದ್ಧ ಎಣ್ಣೆ"!

ಬೂಷ್ಟು ಸತ್ತರೂ ಅದು ಬಿಟ್ಟ ಅಫ್ಲಾಟಾಕ್ಸಿನ್ ಅನ್ನೋ ವಿಷ ಒಗ್ಗರಣೆಯ ಬಿಸಿಗೂ ಪೂರ್ತಿ ಜಗ್ಗಲ್ಲ. ರಿಫೈನ್ಡ್ ಎಣ್ಣೆಯಲ್ಲಿ ಕ್ಷಾರ ಹಾಕಿ ತೊಳೆಯುವಾಗ ಅದು ಬಹುಮಟ್ಟಿಗೆ ಹೋಗುತ್ತದೆ. ಗಾಣದ್ದನ್ನು ತಿಳಿಯಾಗಲು ಬಿಟ್ಟು ಸೋಸುತ್ತಾರೆ, ಅಷ್ಟೆ.

ನಾನಿಷ್ಟು ತಲೆ ಕೆಡಿಸಿಕೊಳ್ಳಲು ಅಕ್ಕನ ಕೀಮೋ ಕಾರಣ. ಸೈಕ್ಲೋಫಾಸ್ಫಮೈಡ್ ಅನ್ನೋ ಕೀಮೋ ಔಷಧಿ ಏರಿಸಿದ ದಿನ ಸಿಸ್ಟರ್ ಬಿಡದೆ ನೀರು ಕುಡಿಸಿ ಟಾಯ್ಲೆಟ್ಟಿಗೆ ಅಟ್ಟುತ್ತಿದ್ದರು. ಯಾಕೆಂದು ಕೇಳಿದಾಗ ಡಾಕ್ಟರು ಬಿಡಿಸಿ ಹೇಳಿದರು. ಬಾಟಲಿಯಲ್ಲಿರುವ ತನಕ ಆ ಔಷಧಿ ಸಾಧು, ಅದಕ್ಕೆ ಹಲ್ಲು ಬರಿಸುವುದು ನಮ್ಮ ಲಿವರ್ರೇ. ಜೊತೆಗೇ ಹುಟ್ಟುವ ಅಕ್ರೋಲೀನ್ ಅನ್ನೋ ರಾಸಾಯನಿಕ ಮೂತ್ರದಲ್ಲಿಳಿದು ಮೂತ್ರಕೋಶವನ್ನು ಸುಡುತ್ತದೆ. ಗಡ್ಡೆ ಕರಗಿಸುವ ಅದೇ ಔಷಧಿ ಮುಂದೆ ಮೂತ್ರಕೋಶದ ಕ್ಯಾನ್ಸರಿಗೂ ದಾರಿಯಾಗಬಹುದು.

ಅಫ್ಲಾಟಾಕ್ಸಿನ್ ಕಥೆಯೂ ಹೀಗೇ. ಹೊರಗಟ್ಟಲು ಹೋದ ಲಿವರಿನ ಕಿಣ್ವಗಳೇ ಅದನ್ನು ಎಪಾಕ್ಸೈಡ್ ಅನ್ನೋ ಚುರುಕು ರೂಪಕ್ಕೆ ತಿರುಗಿಸಿ ಇನ್ನಷ್ಟು ಕೆರಳಿಸುತ್ತವೆ. ನಮ್ಮ ಜೀವಕೋಶದಲ್ಲೇ ಇರುವ ರಕ್ಷಕ ಗ್ಲುಟಥಯಾನ್ ಮೊದಲು ಹಿಡಿದುಕೊಂಡರೆ ಬಚಾವ್, ಇಲ್ಲದಿದ್ದರೆ ಡಿಎನ್‌ಎಗೆ ಹೋಗಿ ಅಂಟುತ್ತದೆ. ಹೆಪಟೈಟಿಸ್ ಬಿ ಇರುವವರಿಗೆ ಇದರಿಂದಾಗುವ ಲಿವರ್ ಕ್ಯಾನ್ಸರಿನ ಅಪಾಯ ಹಲವು ಪಟ್ಟು.

ಹಿಂಡಿಯ ವಿಷಯವೂ ಹೇಳಬೇಕು. ವಿಷದ ಹೆಚ್ಚು ಪಾಲು ಉಳಿಯುವುದು ಅದರಲ್ಲೇ. ಇಲ್ಲಿಂದ ಹಸುವಿಗೆ ಹೋಗುತ್ತದೆ, ಹಸುವಿನ ಲಿವರ್ ಅದನ್ನು ಎಂ1 ಅನ್ನೋ ಇನ್ನೊಂದು ಅಫ್ಲಾಟಾಕ್ಸಿನ್ ಮಾಡಿ ಹಾಲಿಗೆ ದಾಟಿಸುತ್ತದೆ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತದೆ ನಮ್ಮ ಕಾನೂನು.

ಈಗ ಬೀಜ ನಾನೇ ಒಯ್ಯುತ್ತೇನೆ. ಲೀಟರಿಗೆ ಎರಡೂವರೆ ಕಿಲೋ ಬೇಕು. ಅಕ್ಕ ಮೊರ ಹಿಡಿದು ಕೂತರೆ ಒಂದು ಮುರುಟು ಬೀಜ ತಪ್ಪಿಸಿಕೊಳ್ಳಲ್ಲ. ಆರಿಸಿದ ಕಸ ಹಸುವಿಗಲ್ಲ, ಒಲೆಗೆ. ಮಾಲೀಕರು ಮುಖ ಗಂಟಿಕ್ಕಿದರೂ ಕೂಲಿ ತಗೊಂಡು ಆಡಿಸಿಕೊಡುತ್ತಾರೆ. ಬೆಳಗ್ಗೆ ಏಳಕ್ಕೇ ಹೋಗಿ, ಆಮೇಲೆ ಕ್ಯೂ.