ಇಂಕ್‌ಜೆಟ್ ಇಂಕಿನ ಫಾರ್ಮುಲಾಕ್ಕೆ ಪೇಟೆಂಟ್ ಸಿಕ್ಕೀತೇ? ನಾಲ್ಕು ಉಚಿತ ಹುಡುಕಾಟ ತಾಣಗಳ ವಿಮರ್ಶೆ

ಮಂಗಳೂರಿನ ಬೈಕಂಪಾಡಿಯ ಶೆಡ್ಡಿನಲ್ಲಿ ಇಂಕ್ ಕಲಸುವವರಿರಲಿ, ಮಣಿಪಾಲದ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವ ಮಕ್ಕಳಿರಲಿ, ಫಾರ್ಮುಲಾ ಒಂದು ಹದಕ್ಕೆ ಬಂತೆಂದರೆ ಮುಂದಿನ ಮಾತು ಪೇಟೆಂಟಿನದು. ಏಜೆಂಟರ ಬಾಗಿಲು ತಟ್ಟುವ ಮೊದಲೇ ಕೂತಲ್ಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಅದಕ್ಕೆ ಕಾಸು ಕೇಳದ ನಾಲ್ಕು ತಾಣಗಳಿವೆ: ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್, ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋದ ಪೇಟೆಂಟ್‌ಸ್ಕೋಪ್ ಮತ್ತು ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್. ನಾಲ್ಕನ್ನೂ ಒಂದೇ ಫಾರ್ಮುಲಾದ ಮೇಲೆ ಹಚ್ಚಿ ನೋಡಿದಾಗ ಕಂಡದ್ದನ್ನು ಇಲ್ಲಿ ಬರೆದಿದೆ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಡುಕುವ ಪೆಟ್ಟಿಗೆಯಲ್ಲಿ ಪದ ಹಾಕಿದರೆ ಸಿಗುವುದು 'ಇದು ಹೊಸದೇ' ಎಂಬ ಪ್ರಶ್ನೆಗೆ ಉತ್ತರ. 'ಹೊಸದಾದರೂ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದೇ' ಎಂಬುದಕ್ಕೆ ಉತ್ತರ ಇರುವುದು ಅದೇ ತಾಣಗಳ 'ಡಾಕ್ಯುಮೆಂಟ್ಸ್' ಭಾಗದಲ್ಲಿ. ಹೆಚ್ಚಿನವರು ಅಲ್ಲಿವರೆಗೆ ಹೋಗುವುದೇ ಇಲ್ಲ.

ನಮೂನೆಗೆ ಇಟ್ಟುಕೊಂಡದ್ದು ನೀರು ಆಧಾರಿತ ಕಪ್ಪು ಪಿಗ್ಮೆಂಟ್ (ನೀರಲ್ಲಿ ಕರಗದ ಬಣ್ಣದ ಪುಡಿ) ಇಂಕ್, ಟ್ಯಾಂಕ್ ಇರುವ ಪೀಝೋ (ಬಿಸಿ ಮಾಡದೆ, ಒತ್ತಿ ಹನಿ ಚಿಮ್ಮಿಸುವ) ಪ್ರಿಂಟರಿಗೆ. ತೂಕದ ಲೆಕ್ಕದಲ್ಲಿ ಕಾರ್ಬನ್ ಬ್ಲ್ಯಾಕ್ ಶೇ. 4, ಸ್ಟೈರೀನ್-ಅಕ್ರಿಲಿಕ್ ಡಿಸ್ಪರ್ಸೆಂಟ್ (ಪುಡಿ ಗಂಟುಕಟ್ಟದಂತೆ ತಡೆಯುವ ಪಾಲಿಮರ್) 1.5, ಗ್ಲಿಸರಿನ್ 6, ಟ್ರೈಮೆಥೈಲಾಲ್‌ಪ್ರೊಪೇನ್ 6, 1,2-ಹೆಕ್ಸೇನ್‌ಡಯಾಲ್ 3, ಟ್ರೈಎಥಿಲೀನ್ ಗ್ಲೈಕಾಲ್ ಮೊನೊಬ್ಯುಟೈಲ್ ಈಥರ್ 1, ಅಸಿಟಿಲೀನ್ ಡಯಾಲ್ ಜಾತಿಯ ಸರ್ಫ್ಯಾಕ್ಟೆಂಟ್ (ಮೇಲ್ಮೈ ಸೆಳೆತ ಇಳಿಸುವಂಥದ್ದು) 0.5, ಟ್ರೈಎಥನಾಲಮೈನ್ 0.3, ಬಯೋಸೈಡ್ (ಸೂಕ್ಷ್ಮಜೀವಿ ಬೆಳೆಯದಂತೆ ತಡೆಯುವಂಥದ್ದು) 0.1, ಉಳಿದ 77.6 ಶುದ್ಧ ನೀರು. ಇದರ ಹಿಂದಿನ ತರ್ಕ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗ್ಲಿಸರಿನ್ ಗಾಳಿಯ ತೇವ ಹೀರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಕೋಟಿಂಗ್ ಇಲ್ಲದ ಕಾಗದದ ಮೇಲೆ ಬ್ರಹ್ಮಕಲಶೋತ್ಸವದ ಆಮಂತ್ರಣ ಹೊಡೆದರೆ ಬೆರಳು ತಾಗಿದಲ್ಲಿ ಅಕ್ಷರ ಉಜ್ಜಿಹೋಗುತ್ತದೆ. ಗ್ಲಿಸರಿನ್ ಇಳಿಸಿದರೆ ಎಸಿ ಕೋಣೆಯಲ್ಲಿ ನಾಝಲ್ (ಇಂಕ್ ಚಿಮ್ಮುವ ರಂಧ್ರ) ಒಣಗಿ ಗೆರೆ ಬಿಡುತ್ತದೆ. ಅದಕ್ಕಾಗಿ ಅರ್ಧ ಗ್ಲಿಸರಿನ್ ತೆಗೆದು, ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗಿಯೇ ಇರುವ ಟ್ರೈಮೆಥೈಲಾಲ್‌ಪ್ರೊಪೇನ್ ಹಾಕುವುದು. ಯೋಚನೆಯೇನೋ ಚೆನ್ನಾಗಿದೆ. ಪೇಟೆಂಟಿಗೆ ಸಾಕೇ ಎಂಬುದು ಬೇರೆ ವಿಷಯ.

ಕಾನೂನು ಎರಡು ಸಾಲಿನಲ್ಲಿ. 1970ರ ಪೇಟೆಂಟ್ ಕಾಯ್ದೆಯ ಕಲಂ 2(1)(ಜೆಎ) ಪ್ರಕಾರ, ಈಗಿರುವ ತಿಳಿವಿಗೆ ಹೋಲಿಸಿದರೆ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಎರಡೂವೋ ಇರಬೇಕು, ಜೊತೆಗೆ ಅದು ಆ ಕ್ಷೇತ್ರದಲ್ಲಿ ನುರಿತವನಿಗೆ ಸ್ಪಷ್ಟವಾಗಿ ಹೊಳೆಯುವಂಥದ್ದಾಗಿರಬಾರದು. ಕಲಂ 3(ಇ) ಇಂಕಿನವರಿಗೆ ಇನ್ನೂ ಹತ್ತಿರದ ಗಂಡಾಂತರ: ಬರೀ ಬೆರಕೆ ಮಾಡಿ, ಘಟಕಗಳ ಗುಣಗಳು ಕೂಡಿದ್ದಷ್ಟೇ ಫಲವಾದರೆ ಅದು ಆವಿಷ್ಕಾರವೇ ಅಲ್ಲ.

ಇನ್ನು ತಾಣಗಳ ವಿಷಯ.

ಎಸ್ಪಾಸ್‌ನೆಟ್ ಇಂಕಿನ ಕೆಲಸಕ್ಕೆ ಎಲ್ಲಕ್ಕಿಂತ ಶಿಸ್ತಿನದು. ಕಾರಣ ಅದರ ಸಿಪಿಸಿ ವರ್ಗೀಕರಣ, ಅಂದರೆ ಪೇಟೆಂಟುಗಳನ್ನು ವಿಷಯವಾರು ಸಂಕೇತ ಕೊಟ್ಟು ವಿಂಗಡಿಸುವ ಪದ್ಧತಿ. ಇಂಕ್‌ಜೆಟ್ ಇಂಕ್‌ಗಳು ಸಿ09ಡಿ 11/30ರ ಅಡಿಯಲ್ಲಿ ಬರುತ್ತವೆ. ಅದರೊಳಗೆ ಪಿಗ್ಮೆಂಟ್ ಇಂಕ್ 11/322, ಕಾರ್ಬನ್ ಬ್ಲ್ಯಾಕ್ ಆದರೆ 11/324, ಡಿಸ್ಪರ್ಸೆಂಟಿನಲ್ಲೇ ವಿಶೇಷವಿದ್ದರೆ 11/326, ಡೈ (ಕರಗುವ ಬಣ್ಣ) ಇಂಕ್ 11/328, ದ್ರಾವಕ, ಪಿಗ್ಮೆಂಟ್, ಡೈ ಬಿಟ್ಟು ಉಳಿದ ಸಣ್ಣ ಅಣುಗಳ ಸೇರ್ಪಡೆಗಳು 11/38. ಬಟ್ಟೆಯ ಮೇಲಿನ ಮುದ್ರಣವಾದರೆ ಡಿ06ಪಿ 5/30 ಕೂಡ ನೋಡಬೇಕು. ನಮ್ಮ ನಮೂನೆಗೆ 11/324 ಮತ್ತು 11/38 ಎರಡನ್ನೂ ಹಾಕಿ, ಪೂರ್ಣ ಪಠ್ಯದಲ್ಲಿ ಟ್ರೈಮೆಥೈಲಾಲ್‌ಪ್ರೊಪೇನ್ ಎಂದು ಕೇಳಿದರೆ ಪಟ್ಟಿ ಕೈಗೆ ಎಟುಕುವಷ್ಟಾಗುತ್ತದೆ. ವರ್ಗ ಬಿಟ್ಟು ಬರೀ ಪದ ಹಾಕಿದರೆ ಯುವಿ ಬೆಳಕಿನಲ್ಲಿ ಗಟ್ಟಿಯಾಗುವ ಇಂಕಿನ ಅಕ್ರಿಲೇಟುಗಳೆಲ್ಲ ನುಗ್ಗಿ ಬರುತ್ತವೆ, ಏಕೆಂದರೆ ಅಲ್ಲಿ ಇದೇ ಹೆಸರಿನ ಟ್ರೈಅಕ್ರಿಲೇಟ್ ಇದೆ. ಪ್ರತಿ ದಾಖಲೆಯ ಪಕ್ಕದ 'ಸೈಟೇಶನ್ಸ್' (ಉಲ್ಲೇಖಿತ ದಾಖಲೆಗಳ ಪಟ್ಟಿ) ಹಿಡಿದು ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಒಳ್ಳೆಯ ಒಂದು ದಾಖಲೆ ಸಿಕ್ಕರೆ ಉಳಿದವು ಆ ದಾರಿಯಲ್ಲೇ ಬರುತ್ತವೆ.

ಗೂಗಲ್ ಪೇಟೆಂಟ್ಸ್ ವೇಗದ್ದು, ಬಾಯಿಗೆ ಬಂದ ಹಾಗೆ ಕೇಳಿದರೂ ಏನೋ ಒಂದು ಕೊಡುತ್ತದೆ. ಎರಡು ಪದಗಳು ಹತ್ತಿರ ಹತ್ತಿರ ಇರುವ ಜಾಗವನ್ನೇ ಹುಡುಕುವ 'ನಿಯರ್' ಸೌಲಭ್ಯ ಇದರ ದೊಡ್ಡ ಬಲ. 'ಸಿಮಿಲರ್ ಡಾಕ್ಯುಮೆಂಟ್ಸ್' ಪಟ್ಟಿಯೂ ಒಮ್ಮೊಮ್ಮೆ ಅದೃಷ್ಟ ತರುತ್ತದೆ. ಆದರೆ ಅದು ತೋರಿಸುವ 'ಆಕ್ಟಿವ್', 'ಎಕ್ಸ್‌ಪೈರ್ಡ್' ಎಂಬ ಸ್ಥಿತಿಯನ್ನು ಕಾನೂನಿನ ಮಾತೆಂದು ಹಿಡಿಯಬಾರದು. ಅದು ಊಹೆಯೆಂದು ತಾಣವೇ ಹೇಳಿಕೊಂಡಿದೆ. ಇನ್ನೊಂದು ತೊಡಕು ಜಪಾನಿ ದಾಖಲೆಗಳದು. ಇಂಕ್‌ಜೆಟ್ ಎಂದರೆ ಕ್ಯಾನನ್, ಸೈಕೊ ಎಪ್ಸನ್, ರಿಕೋ, ಫ್ಯೂಜಿಫಿಲ್ಮ್. ಅರ್ಧ ಜ್ಞಾನ ಜಪಾನಿಯಲ್ಲೇ ಇದೆ. ಯಂತ್ರಾನುವಾದ ಓದಲು ಸಾಕಾಗುತ್ತದೆ, ಆದರೆ ಉದಾಹರಣೆಗಳ ಕೋಷ್ಟಕ ಎಷ್ಟೋ ಸಲ ಚಿತ್ರವಾಗಿರುತ್ತದೆ, ಪದ ಹುಡುಕಾಟಕ್ಕೆ ಸಿಕ್ಕುವುದೇ ಇಲ್ಲ. ಮೂಲ ಪಿಡಿಎಫ್ ಇಳಿಸಿಕೊಂಡು ಕಣ್ಣಿಂದಲೇ ನೋಡಬೇಕು.

ಹೆಸರುಗಳ ಜಾಲ ಎಲ್ಲ ತಾಣಗಳಿಗೂ ಸಮಾನ. ಸರ್ಫ್ಯಾಕ್ಟೆಂಟನ್ನು ನಾವು ಸರ್ಫಿನಾಲ್ 465 ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಕೊಳ್ಳುತ್ತೇವೆ. ಜಪಾನಿ ಉದಾಹರಣೆಗಳಲ್ಲಿ ಅದೇ ಜಾಗದಲ್ಲಿ ಓಲ್ಫಿನ್ ಇ1010 ಕೂತಿರುತ್ತದೆ. ಎರಡೂ ಎಥಾಕ್ಸಿಲೇಟೆಡ್ ಅಸಿಟಿಲೀನ್ ಡಯಾಲ್‌ಗಳೇ. ಸರ್ಫಿನಾಲ್ ಒಂದನ್ನೇ ಹುಡುಕಿ 'ಯಾರೂ ಮಾಡಿಲ್ಲ' ಎಂದುಕೊಂಡವರಿಗೆ ಪೇಟೆಂಟ್ ಕಚೇರಿಯ ಪರೀಕ್ಷಕರ ಪತ್ರದಲ್ಲಿ ಓಲ್ಫಿನ್ ಎದುರಾಗುತ್ತದೆ. ಗ್ಲಿಸರಿನ್, ಗ್ಲಿಸರಾಲ್ ಎರಡನ್ನೂ ಹಾಕಬೇಕು. ಹೆಕ್ಸೇನ್‌ಡಯಾಲ್ ಸಿಗದಿದ್ದರೆ 'ಆಲ್ಕೇನ್‌ಡಯಾಲ್' ಎಂಬ ಕುಲದ ಹೆಸರಿನಲ್ಲೂ ಹುಡುಕಬೇಕು.

ಪೇಟೆಂಟ್‌ಸ್ಕೋಪಿನ ಹುಡುಕಾಟ ಸಾಧಾರಣ. ಒಂದು ಪದಕ್ಕೆ ಹಲವು ಭಾಷೆಗಳ ಸಮಾನ ಪದಗಳನ್ನು ತಾನೇ ಸೇರಿಸಿ ಹುಡುಕುವ ಸೌಲಭ್ಯ ಉಪಯುಕ್ತ. ರಾಸಾಯನಿಕ ರಚನೆಯಿಂದ ಹುಡುಕಲು ಲಾಗಿನ್ ಬೇಕು, ಅದೂ ಉಚಿತ. ಇದರ ಬೆಲೆ ಇರುವುದು ಮಾತ್ರ ಪಿಸಿಟಿ (ಹಲವು ದೇಶಗಳಿಗೆ ಒಟ್ಟಿಗೆ ಹಾಕುವ) ಅರ್ಜಿಗಳ ಜೊತೆಗಿರುವ ಅಂತರರಾಷ್ಟ್ರೀಯ ಹುಡುಕಾಟ ವರದಿಯಲ್ಲಿ. ಅದರಲ್ಲಿ ಪ್ರತಿ ಹಳೆಯ ದಾಖಲೆಯ ಎದುರು ಒಂದು ಅಕ್ಷರ ಇರುತ್ತದೆ. 'ಎಕ್ಸ್' ಇದ್ದರೆ ಆ ದಾಖಲೆ ಒಂದೇ ಸಾಕು ಅರ್ಜಿಯನ್ನು ಕೆಡಹಲು. 'ವೈ' ಇದ್ದರೆ ಇನ್ನೊಂದು ದಾಖಲೆಯ ಜೊತೆ ಸೇರಿಸಿದಾಗ ಸ್ಪಷ್ಟವಾಗಿಬಿಡುತ್ತದೆ ಎಂದರ್ಥ. 'ಎ' ಬರೀ ಹಿನ್ನೆಲೆ. ನಿಮ್ಮ ಇಂಕಿಗೆ ಹತ್ತಿರವಿರುವ ಕೆಲವು ಅರ್ಜಿಗಳನ್ನು ಆರಿಸಿ, ಬರೀ 'ವೈ' ಜೋಡಿಗಳನ್ನು ಬರೆದಿಟ್ಟುಕೊಂಡು, ಜೊತೆಗಿರುವ ಲಿಖಿತ ಅಭಿಪ್ರಾಯ ಓದಿ. ಪರೀಕ್ಷಕರು ಯಾವುದನ್ನು ಯಾವುದರ ಜೊತೆ, ಏನು ಕಾರಣ ಕೊಟ್ಟು ಜೋಡಿಸುತ್ತಾರೆ ಎಂಬುದು ಇಷ್ಟು ಬಿಚ್ಚಿ ಬೇರೆಲ್ಲೂ ಸಿಗದು. ಒಂದು ಇಂಕ್‌ಜೆಟ್ ದಾಖಲೆಯ ಹ್ಯೂಮೆಕ್ಟೆಂಟನ್ನು (ತೇವ ಹಿಡಿದಿಡುವ ಘಟಕವನ್ನು) ಇನ್ನೊಂದು ಇಂಕ್‌ಜೆಟ್ ದಾಖಲೆಯದರಿಂದ ಬದಲಿಸಲು ದೊಡ್ಡ ಕಾರಣವೇ ಬೇಕಾಗುವುದಿಲ್ಲ. ಎರಡೂ ನಾಝಲ್ ಒಣಗದಂತೆ ಹಾಕುವವೇ, ಅಷ್ಟು ಸಾಕು.

ಇನ್‌ಪಾಸಿನ ಮುಖ ನೋಡಿ ಮಣೆ ಹಾಕುವಂತಿಲ್ಲ. ಕ್ಯಾಪ್ಚಾ ಹಾಕಬೇಕು, ಅರ್ಜಿದಾರರ ಉತ್ತರಪತ್ರಗಳು ಸ್ಕ್ಯಾನ್ ಪ್ರತಿಗಳಾಗಿದ್ದರೆ ಪದ ನಕಲಿಸಲೂ ಬರುವುದಿಲ್ಲ. ವರ್ಗೀಕರಣ ಇಲ್ಲಿ ಸಿಪಿಸಿ ಅಲ್ಲ, ಅಂತರರಾಷ್ಟ್ರೀಯ ಪದ್ಧತಿಯಾದ ಐಪಿಸಿ. ಹಳೆಯ ಇಂಕ್ ಅರ್ಜಿಗಳು ಸಿ09ಡಿ 11/00 ಅಥವಾ 11/02ರ ಅಡಿ ಕೂತಿರುತ್ತವೆ. 11/30ರ ಮೇಲಿನ ಸೂಕ್ಷ್ಮ ವಿಭಾಗಗಳು ಐಪಿಸಿಗೆ ಆಮೇಲೆ ಬಂದವು. ಹಾಗಾಗಿ ವರ್ಗವೊಂದನ್ನೇ ನಂಬದೆ ಅರ್ಜಿದಾರ ಕಂಪನಿಯ ಹೆಸರು ಮತ್ತು ಶೀರ್ಷಿಕೆಯ ಪದ ಸೇರಿಸಿ ಹುಡುಕುವುದು ಮೇಲು. ಇಷ್ಟೆಲ್ಲ ಇದ್ದರೂ ಭಾರತದಲ್ಲಿ ಅರ್ಜಿ ಹಾಕುವವರಿಗೆ ನಾಲ್ಕರಲ್ಲಿ ಬಿಡಲೇಬಾರದ್ದು ಇದು. ಅರ್ಜಿಯ ಸ್ಟೇಟಸ್ ತೆರೆದು 'ವ್ಯೂ ಡಾಕ್ಯುಮೆಂಟ್ಸ್' ಒತ್ತಿದರೆ ಮೊದಲ ಪರೀಕ್ಷಾ ವರದಿ, ಅದಕ್ಕೆ ಅರ್ಜಿದಾರರು ಕೊಟ್ಟ ಉತ್ತರ, ವಿಚಾರಣೆ ನಡೆದಿದ್ದರೆ ಲಿಖಿತ ವಾದ, ಕೊನೆಯ ಆದೇಶ ಎಲ್ಲ ಸಾಲಾಗಿ ಇರುತ್ತವೆ. ಕಲಂ 3(ಇ) ಆಕ್ಷೇಪ ಯಾವ ಮಾತಿನಲ್ಲಿ ಬರುತ್ತದೆ, ಅದಕ್ಕೆ ಯಾವ ಕೋಷ್ಟಕ ತೋರಿಸಿ ತಪ್ಪಿಸಿಕೊಂಡರು ಎಂಬುದನ್ನು ಅಲ್ಲೇ ಓದಬಹುದು.

ಈಗ ನಮೂನೆಯ ಇಂಕಿಗೆ ಬರೋಣ. ಟ್ರೈಮೆಥೈಲಾಲ್‌ಪ್ರೊಪೇನ್ ಹ್ಯೂಮೆಕ್ಟೆಂಟ್ ಪಟ್ಟಿಗಳಲ್ಲಿ ಹಳೆಯ ಹೆಸರು. ಗ್ಲಿಸರಿನ್ ಶೇ. 5ರಿಂದ 20, ಹೆಕ್ಸೇನ್‌ಡಯಾಲ್ 1ರಿಂದ 5, ಸರ್ಫ್ಯಾಕ್ಟೆಂಟ್ 0.1ರಿಂದ 1 ಎಂಬಂಥ ವ್ಯಾಪ್ತಿಗಳೂ ಮಾಮೂಲು. ನಮ್ಮ ಅಂಕಿಗಳೆಲ್ಲ ಅದರೊಳಗೇ ಬೀಳುತ್ತವೆ. ಇದೇ ಸಂಯೋಗ ಇದೇ ಪ್ರಮಾಣದಲ್ಲಿ ಯಾವ ಒಂದು ದಾಖಲೆಯಲ್ಲೂ ಇಲ್ಲದಿರಬಹುದು, ಆಗ ಅದು ಹೊಸದು. ಆದರೆ ಗೊತ್ತಿರುವ ವ್ಯಾಪ್ತಿಯೊಳಗೆ ಒಂದು ಬಿಂದು ಆರಿಸುವುದು ದಿನನಿತ್ಯದ ಪ್ರಯೋಗ ಎಂದು ಪರೀಕ್ಷಕರು ಹೇಳುತ್ತಾರೆ, ಮತ್ತು ಹೇಳುವುದು ಸರಿಯೂ ಹೌದು. ಸ್ನಿಗ್ಧತೆಯನ್ನು 3ರಿಂದ 4 ಸೆಂಟಿಪಾಯ್ಸ್‌ಗೆ ತಂದೆವು, ಪಿಎಚ್ 8.5ಕ್ಕೆ ನಿಲ್ಲಿಸಿದೆವು ಎಂಬುದೂ ವಾದವಾಗದು. ಆ ಪ್ರಿಂಟರ್ ಹೆಡ್ಡಿಗೆ ಇಂಕ್ ಮಾಡುವ ಯಾರೂ ಅಲ್ಲಿಗೇ ಬರಬೇಕು.

ವಾದ ಹುಟ್ಟುವುದು ಎರಡು ಕಡೆ. ಒಂದು, ಜೋಡಿಯ ಫಲ ಎರಡರ ಸರಾಸರಿಗಿಂತ ಆಚೆ ಹೋದಾಗ. ಇದಕ್ಕೆ ನಾಲ್ಕು ಬಾಟಲಿ ಕಲಸಬೇಕು: ಗ್ಲಿಸರಿನ್ 12, ಟ್ರೈಮೆಥೈಲಾಲ್‌ಪ್ರೊಪೇನ್ 12, ಎರಡೂ ಆರಾರು, ಮತ್ತು ಎರಡೂ ಇಲ್ಲದ್ದು. ಉಳಿದ ಘಟಕಗಳು ಒಂದೇ ಲಾಟಿನವು, ಒಂದೇ ಪಿಗ್ಮೆಂಟ್ ಡಿಸ್ಪರ್ಶನ್‌ನಿಂದ ತೆಗೆದವು. ಎರಡು ಪರೀಕ್ಷೆ: ಶೇ. 40 ತೇವದಲ್ಲಿ ಹೆಡ್ ಮುಚ್ಚದೆ ಬಿಟ್ಟು 1, 5, 10, 30 ನಿಮಿಷಕ್ಕೆ ನಾಝಲ್ ಚೆಕ್ ಹೊಡೆದು ಬಿಟ್ಟುಹೋದ ಗೆರೆ ಎಣಿಸುವುದು. 30 ಡಿಗ್ರಿ, ಶೇ. 85 ತೇವದಲ್ಲಿ ಮುದ್ರಿಸಿ, ನಿಗದಿತ ಭಾರದ ಕೆಳಗೆ ಬಿಳಿ ಕಾಗದ ಎಳೆದು ಕಲೆ ಅಳೆಯುವುದು. ಆರಾರರ ಇಂಕ್ ಎರಡರಲ್ಲೂ ನಡುವೆಯೇ ನಿಂತರೆ ಅದು ಕಲಂ 3(ಇ)ಯ ಬೆರಕೆ, ದುಡ್ಡು ಉಳಿಸಿಕೊಳ್ಳಿ. ಒಣಗುವಿಕೆಯಲ್ಲಿ ಶುದ್ಧ ಗ್ಲಿಸರಿನ್‌ಗೆ ಸಮನಾಗಿ, ಉಜ್ಜಿದಾಗ ಎರಡಕ್ಕಿಂತಲೂ ಮೇಲಾಗಿ ಬಂದರೆ ಮಾತಾಡಲು ವಿಷಯವಿದೆ. ಇಲ್ಲಿ ಸಾಮಾನ್ಯವಾಗಿ ಕೆಡುವುದು ಸ್ನಿಗ್ಧತೆಯ ಲೆಕ್ಕ. ನಾಲ್ಕು ಬಾಟಲಿಗಳ ಸ್ನಿಗ್ಧತೆ ಬೇರೆ ಬೇರೆ ಇದ್ದರೆ ಹನಿಯ ಗಾತ್ರ ಬದಲಾಗಿ, ಒಣಗುವ ವ್ಯತ್ಯಾಸ ಹ್ಯೂಮೆಕ್ಟೆಂಟಿನದೋ ಹನಿಯದೋ ಎಂದು ಹೇಳಲಾಗದು. ಅಳೆದು ಕೋಷ್ಟಕದಲ್ಲಿ ಬರೆಯಿರಿ.

ಎರಡನೆಯದು, ಹಳೆಯ ದಾಖಲೆ 'ಆ ದಾರಿ ಬೇಡ' ಎಂದಿರುವಲ್ಲಿ ನೀವು ಹೋಗಿ ಗೆದ್ದಾಗ. ಹೆಕ್ಸೇನ್‌ಡಯಾಲ್ ಮತ್ತು ಗ್ಲೈಕಾಲ್ ಈಥರ್ ಕಾಗದದೊಳಗೆ ಇಂಕನ್ನು ಬೇಗ ಇಳಿಸುತ್ತವೆ, ಆದರೆ ಪಿಗ್ಮೆಂಟಿನ ಮೈಗೆ ಅಂಟಿದ ಪಾಲಿಮರನ್ನು ಸಡಿಲಿಸುತ್ತವೆ. 60 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಸ್ನಿಗ್ಧತೆ ಏರಿ, ಕಣದ ಗಾತ್ರ ಬೆಳೆದು, ಕೊನೆಗೆ ಫಿಲ್ಟರ್ ಕಟ್ಟುತ್ತದೆ. ಇಂಥ ಸೋಲುಗಳು ಹಳೆಯ ಪೇಟೆಂಟುಗಳ 'ಕಂಪ್ಯಾರಿಟಿವ್ ಎಕ್ಸಾಂಪಲ್' (ಹೋಲಿಕೆಗೆ ಕೊಟ್ಟ ಉದಾಹರಣೆ) ಸಾಲುಗಳಲ್ಲಿ ಇರುತ್ತವೆ. ಕ್ಲೇಮು (ಹಕ್ಕು ಕೇಳುವ ಸಾಲುಗಳು) ಮಾತ್ರ ಓದಿ ಬಿಟ್ಟವರಿಗೆ ಕಾಣುವುದಿಲ್ಲ. ನಿಮ್ಮ ಡಿಸ್ಪರ್ಸೆಂಟ್ ಅದೇ ಪ್ರಮಾಣದ ಹೆಕ್ಸೇನ್‌ಡಯಾಲ್ ಜೊತೆ ಸ್ಥಿರವಾಗಿ ನಿಂತರೆ, ಪೇಟೆಂಟಿನ ಕೇಂದ್ರ ಹ್ಯೂಮೆಕ್ಟೆಂಟ್ ಜೋಡಿಯಲ್ಲ, ಆ ಡಿಸ್ಪರ್ಸೆಂಟಿನ ಆಸಿಡ್ ವ್ಯಾಲ್ಯೂ (ಅದರಲ್ಲಿನ ಆಮ್ಲ ಗುಂಪುಗಳ ಅಳತೆ) ಮತ್ತು ಅಣುತೂಕ. ಕ್ಲೇಮು ಅಲ್ಲಿ ಬರೆಸಿ, ಹುಡುಕಾಟವನ್ನು 11/326ರಲ್ಲಿ ಮತ್ತೆ ಮಾಡಿ.

ರೋಶ್ ವಿರುದ್ಧ ಸಿಪ್ಲಾ ಎಂಬ ಔಷಧ ಪೇಟೆಂಟ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2015ರಲ್ಲಿ ಹಾಕಿಕೊಟ್ಟ ಕ್ರಮವೂ ಹೀಗೇ ಸಾಗುತ್ತದೆ: ನುರಿತವನು ಯಾರು, ಆವಿಷ್ಕಾರದ ತಿರುಳೇನು, ಆ ದಿನಾಂಕಕ್ಕೆ ಅವನಿಗೆ ಸಾಮಾನ್ಯವಾಗಿ ಗೊತ್ತಿದ್ದದ್ದೇನು, ವ್ಯತ್ಯಾಸಗಳೇನು, ಆ ವ್ಯತ್ಯಾಸ ಮಾಮೂಲಿ ಅನ್ವಯವೇ ಅಲ್ಲವೇ. ಪೇಟೆಯಲ್ಲಿ ಹಣ ಕೊಟ್ಟು ಮಾಡಿಸುವ 'ಪೇಟೆಂಟಬಿಲಿಟಿ ರಿಪೋರ್ಟ್' ಕೈಗೆ ಬಂದಾಗ ಈ ಐದರಲ್ಲಿ ಕೊನೆಯ ಎರಡು ಇವೆಯೇ ನೋಡಿ. 'ಎಲ್ಲ ಅಂಶಗಳೂ ಇರುವ ಒಂದೇ ದಾಖಲೆ ಸಿಕ್ಕಿಲ್ಲ' ಎಂಬಲ್ಲಿಗೆ ವರದಿ ಮುಗಿದಿದ್ದರೆ, ಎಸ್ಪಾಸ್‌ನೆಟ್‌ನಲ್ಲಿ ನೀವೇ ಮಾಡಬಹುದಾಗಿದ್ದ ಕೆಲಸಕ್ಕೆ ಬಿಲ್ ಕಟ್ಟಿದ್ದೀರಿ.

ಖರ್ಚಿನ ಅಂದಾಜು: ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮ ಅಥವಾ ಶಿಕ್ಷಣ ಸಂಸ್ಥೆಗೆ ಆನ್‌ಲೈನ್ ಅರ್ಜಿ 1,600 ರೂಪಾಯಿ, ಪರೀಕ್ಷೆಯ ಕೋರಿಕೆ 4,000, ಉಳಿದವರಿಗೆ 8,000 ಮತ್ತು 20,000. ಏಜೆಂಟರ ಶುಲ್ಕ ಬೇರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ಹಾಕುವುದು ಆನ್‌ಲೈನಿನಲ್ಲೇ. ಅದಕ್ಕೂ ಮೊದಲು ಹಂಪನಕಟ್ಟೆಯ ಅಂಗಡಿಗೆ ಬಾಟಲಿ ಮಾರಬೇಡಿ. ನಿಮ್ಮದೇ ಮಾರಾಟ ನಿಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ. ಹೋಲಿಕೆಯ ಅಂಕಿಗಳು ಪೂರ್ಣ ವಿವರಣೆಯಲ್ಲೇ ಇರಲಿ. ಆಮೇಲೆ ಹೊಸ ವಿಷಯ ತುರುಕಲು ಕಲಂ 59 ಬಿಡುವುದಿಲ್ಲ. ಮೇ ತಿಂಗಳಲ್ಲಿ ಪ್ರಾವಿಷನಲ್ (ತಾತ್ಕಾಲಿಕ ವಿವರಣೆಯ) ಅರ್ಜಿ ಹಾಕಿದರೆ ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ಜುಲೈ ತೇವದ ಉಜ್ಜುವ ಪರೀಕ್ಷೆ, ಜನವರಿಯ ಒಣಗಾಳಿಯ ನಾಝಲ್ ಪರೀಕ್ಷೆ ಎರಡನ್ನೂ ಅದರೊಳಗೆ ಮುಗಿಸಬಹುದು. ಪ್ರಾವಿಷನಲ್‌ನಲ್ಲಿ ಹೆಸರಿಸದ ಘಟಕವನ್ನು ಆಮೇಲೆ ಸೇರಿಸಿದರೆ ಆ ಭಾಗಕ್ಕೆ ಮೇ ತಿಂಗಳ ದಿನಾಂಕ ಮಾತ್ರ ಸಿಗುವುದಿಲ್ಲ.